ಮಾಸ್ಕ್ ವಿನಾಯಿತಿಯ ಪುರಾವೆ ಮಗುವಿನ ಕೊರಳಲ್ಲಿ ಬೇಡ: ಶಾಲೆಗಳಿಗೊಂದು ಮಾರ್ಗದರ್ಶಿ

ಶಾಲೆಯಲ್ಲಿ ಮಾಸ್ಕ್ ಕಡ್ಡಾಯ ಎಂಬ ಸುತ್ತೋಲೆ ಬಂದ ದಿನವೇ ಮುಖ್ಯೋಪಾಧ್ಯಾಯರ ಮುಂದೆ ಇನ್ನೊಂದು ಪ್ರಶ್ನೆಯೂ ಬಂದು ನಿಲ್ಲುತ್ತದೆ: ಮಾಸ್ಕ್ ಧರಿಸಲು ಆಗದ ಮಕ್ಕಳ ವಿಷಯದಲ್ಲಿ ಏನು ಮಾಡುವುದು? ಅಂಥವರಿಗೆ ವಿನಾಯಿತಿ ಕೊಡಬೇಕೆಂಬುದನ್ನು ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ತಕರಾರು ಶುರುವಾಗುವುದು ಆ ವಿನಾಯಿತಿ ಎಲ್ಲರ ಕಣ್ಣಿಗೂ ಕಾಣಬೇಕೇ ಎಂಬಲ್ಲಿ. ಕೊರಳಿಗೆ ಬೇರೆ ಬಣ್ಣದ ಟ್ಯಾಗ್, ಐಡಿ ಕಾರ್ಡಿನ ಮೇಲೊಂದು ಸ್ಟಿಕ್ಕರ್, ಅಂಗಿಯ ಜೇಬಿಗೆ ಚುಚ್ಚುವ ಬ್ಯಾಡ್ಜ್, ಹೀಗೆ ಯಾವುದಾದರೊಂದು ಗುರುತು ಇದ್ದರೆ ಗೇಟಿನಲ್ಲಿರುವವರಿಗೂ ಶಿಕ್ಷಕರಿಗೂ ಸುಲಭ ಎಂಬ ವಾದ ಪ್ರತಿ ಶಾಲೆಯ ಸಭೆಯಲ್ಲೂ ಕೇಳಿಬರುತ್ತದೆ. ಪುರಾವೆ ಕೇಳುವುದು ಬೇರೆ, ಪುರಾವೆಯನ್ನು ಮಗುವಿಗೆ ತೊಡಿಸುವುದು ಬೇರೆ. ಮೊದಲನೆಯದಕ್ಕೆ ಶಾಲೆಗೆ ಕಾರಣವಿದೆ. ಎರಡನೆಯದಕ್ಕೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಡ್ಜ್ ಇಲ್ಲದೆಯೂ ವಿನಾಯಿತಿಯನ್ನು ಶಿಸ್ತಾಗಿ ನಿಭಾಯಿಸುವುದು ಹೇಗೆ ಎಂಬುದನ್ನು ಬೆಂಗಳೂರಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಈಗ ಮಾಸ್ಕ್ ಎಲ್ಲಿದೆ ಎಂದು ಕೇಳುವವರಿಗೆ ಒಂದು ಮಾತು. ಕೋವಿಡ್‌ನಿಂದ ಮುಚ್ಚಿದ್ದ ರಾಜ್ಯದ ಶಾಲೆಗಳು 2021ರಲ್ಲಿ ಹಂತಹಂತವಾಗಿ ತೆರೆದಾಗ, ಅಂದರೆ ಆಗಸ್ಟ್ 23ಕ್ಕೆ 9 ಮತ್ತು 10ನೇ ತರಗತಿ, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5 ತೆರೆದಾಗ, ಸಿದ್ಧತೆಗೆ ಸಿಕ್ಕಿದ್ದು ಕೆಲವೇ ದಿನ. ಎಲ್ಲವೂ ಮುಗಿಯಿತು ಎಂದುಕೊಂಡಿದ್ದ 2022ರ ಡಿಸೆಂಬರ್ ಕೊನೆಯ ವಾರದಲ್ಲಿ ಶಾಲೆ, ಕಾಲೇಜು ಮತ್ತು ಚಿತ್ರಮಂದಿರಗಳಲ್ಲಿ ಮಾಸ್ಕ್ ಮತ್ತೆ ಕಡ್ಡಾಯವಾಯಿತು. ಮುಂದಿನ ಸಲವೂ ಹೀಗೆಯೇ ತರಾತುರಿಯಲ್ಲಿ ಬರುತ್ತದೆ. ತರಾತುರಿಯಲ್ಲಿ ಮಾಡಿದ ನಿಯಮವು ಯಾವಾಗಲೂ ಗೇಟಿನಲ್ಲಿ ನಿಂತವರ ಅನುಕೂಲವನ್ನು ನೋಡುತ್ತದೆಯೇ ಹೊರತು ಮಗುವಿನದನ್ನಲ್ಲ. ಹಾಗಾಗಿ ಸುತ್ತೋಲೆ ಇಲ್ಲದ ಸಮಯದಲ್ಲೇ ಶಾಲೆ ತನ್ನ ಕ್ರಮವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಯಾರಿಗೆ ವಿನಾಯಿತಿ ಎಂಬುದು ಸ್ಪಷ್ಟವಾಗಲಿ

ವಿನಾಯಿತಿ ಪತ್ರದ ಅಗತ್ಯವೇ ಇಲ್ಲದ ಮಕ್ಕಳನ್ನು ಮೊದಲು ಪಟ್ಟಿಯಿಂದ ಹೊರಗಿಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲೇ ಹೇಳಿದಂತೆ, ಮತ್ತು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದಂತೆ, 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಕಿಲ್ಲ. 6ರಿಂದ 11 ವರ್ಷದವರು ಅದನ್ನು ಸುರಕ್ಷಿತವಾಗಿ ಬಳಸಬಲ್ಲರೇ, ನೋಡಿಕೊಳ್ಳಲು ದೊಡ್ಡವರು ಇದ್ದಾರೆಯೇ ಎಂಬುದನ್ನು ನೋಡಿ ನಿರ್ಧರಿಸಬೇಕು. 12 ದಾಟಿದವರಿಗೆ ದೊಡ್ಡವರ ನಿಯಮವೇ ಅನ್ವಯಿಸುತ್ತದೆ. ಅಂದಮೇಲೆ ಎಲ್‌ಕೆಜಿ, ಯುಕೆಜಿ ಮಕ್ಕಳ ಪೋಷಕರಿಂದ ವೈದ್ಯರ ಚೀಟಿ ಕೇಳುವುದು ಅನಗತ್ಯ.

ಉಳಿದವರಲ್ಲಿ ಕಾರಣಗಳು ಬೇರೆ ಬೇರೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಮುಖಕ್ಕೆ ಬಟ್ಟೆ ತಾಗಿದ ಅನುಭವವೇ ಸಹಿಸಲಾಗದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಜೊಲ್ಲಿನಿಂದ ಮಾಸ್ಕ್ ಹತ್ತು ನಿಮಿಷದಲ್ಲಿ ಒದ್ದೆಯಾಗಬಹುದು, ಜೊತೆಗೆ ಅದನ್ನು ತಾನಾಗಿ ತೆಗೆಯಲು ಕೈ ಸಹಕರಿಸದಿರಬಹುದು. ತಾನಾಗಿ ತೆಗೆಯಲಾಗದ ಮಗುವಿಗೆ ಮಾಸ್ಕ್ ಹಾಕುವುದು ಅಪಾಯ. ಮುಖದ ಚರ್ಮದ ಕಾಯಿಲೆ, ಹಳೆಯ ಆಘಾತದಿಂದ ಬಂದ ಭಯ, ಫಿಟ್ಸ್, ಇವೂ ಕಾರಣವಾಗಬಹುದು. ಆಸ್ತಮಾದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸೌಮ್ಯವಾದ, ಹತೋಟಿಯಲ್ಲಿರುವ ಆಸ್ತಮಾ ಇರುವ ಹೆಚ್ಚಿನ ಮಕ್ಕಳು ಮಾಸ್ಕ್ ಧರಿಸಬಲ್ಲರು; ವಿನಾಯಿತಿಗಿಂತ ಅವರ ಇನ್‌ಹೇಲರ್ ಶಾಲೆಯಲ್ಲಿ ಕೈಗೆಟುಕುವಂತೆ ಇದೆಯೇ ಎಂಬುದು ಮುಖ್ಯ.

ಶ್ರವಣದೋಷವಿರುವ ಮಗುವಿನ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಿವಿಯ ಹಿಂದೆ ಕೂರುವ ಶ್ರವಣಸಾಧನಕ್ಕೂ ಮಾಸ್ಕಿನ ಎಲಾಸ್ಟಿಕ್‌ಗೂ ಇರುವುದು ಒಂದೇ ಜಾಗ. ಊಟದ ಹೊತ್ತಿಗೆ ಮಗು ಅವಸರದಲ್ಲಿ ಮಾಸ್ಕ್ ಎಳೆದಾಗ ಎಲಾಸ್ಟಿಕ್ ಸಾಧನಕ್ಕೆ ಸಿಕ್ಕಿಕೊಂಡು, ಸಾಧನ ಕಿವಿಯಿಂದ ಜಾರಿ ಮೈದಾನದ ಮಣ್ಣಿಗೆ ಬೀಳುತ್ತದೆ. ಸಾವಿರಾರು ರೂಪಾಯಿಯ ಆ ಸಾಧನ ಮತ್ತೆ ಸಿಗುವವರೆಗೆ ಆ ಮಗುವಿಗೆ ಪಾಠವಿಲ್ಲ. ಇದಕ್ಕೆ ಪೂರ್ತಿ ವಿನಾಯಿತಿ ಬೇಕಿಲ್ಲದಿರಬಹುದು. ತಲೆಯ ಹಿಂದೆ ಕಟ್ಟುವ ದಾರದ ಮಾಸ್ಕ್, ಅಥವಾ ಎರಡು ಗುಂಡಿ ಹೊಲಿದ ತಲೆಪಟ್ಟಿಗೆ ಎಲಾಸ್ಟಿಕ್ ಸಿಕ್ಕಿಸುವ ಏರ್ಪಾಡು ಸಾಕಾಗಬಹುದು. ಆದರೆ ಅದೇ ಮಗು ತುಟಿಗಳ ಚಲನೆ ನೋಡಿ ಮಾತು ಗ್ರಹಿಸುವುದಾದರೆ, ಮಾಸ್ಕ್ ತೆಗೆಯಬೇಕಾದವರು ಪಾಠ ಮಾಡುವ ಶಿಕ್ಷಕರು. ಈ ಸಂದರ್ಭದಲ್ಲಿ ಬ್ಯಾಡ್ಜನ್ನು ಯಾರಿಗೆ ಚುಚ್ಚುವುದು? ವಿನಾಯಿತಿ ಎಂದರೆ ಮಗುವಿನ ಮೇಲಿನ ಗುರುತು ಎಂದುಕೊಂಡರೆ ಇಂಥ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಅದು ಮಗುವಿಗೂ ಶಾಲೆಗೂ ನಡುವಿನ ಒಂದು ಹೊಂದಾಣಿಕೆ.

ಬ್ಯಾಡ್ಜ್ ಏಕೆ ಬೇಡ

ಮಾಸ್ಕ್ ಇಲ್ಲದಿರುವುದು ಹೇಗೂ ಎಲ್ಲರಿಗೂ ಕಾಣುತ್ತದೆ. ಬ್ಯಾಡ್ಜ್ ಅದಕ್ಕೆ ಸೇರಿಸುವುದು ಒಂದೇ ಮಾತನ್ನು: ಈ ಮಗುವಿಗೆ ಏನೋ ಇದೆ. ಏನಿದೆ ಎಂದು ಬರೆದಿರುವುದಿಲ್ಲ, ಹಾಗಾಗಿ ಸಹಪಾಠಿಗಳು ತಾವೇ ಊಹಿಸಿಕೊಳ್ಳುತ್ತಾರೆ. ಅವರ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಕ್ರೂರವಾಗಿರುತ್ತದೆ. ಶಾಲೆಯ ಟ್ಯಾಗ್ ಶಾಲೆಯಲ್ಲೇ ಉಳಿಯುವುದೂ ಇಲ್ಲ. ಬಿಎಂಟಿಸಿ ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದು ಮಗುವಿನ ಕೊರಳಲ್ಲೇ ಇರುತ್ತದೆ.

ಇಂಗ್ಲೆಂಡಿನ ಅನುಭವ ಇಲ್ಲಿ ಉಪಯುಕ್ತ. 2021ರ ಮಾರ್ಚ್ 8ಕ್ಕೆ ಅಲ್ಲಿಯ ಶಾಲೆಗಳು ಮರಳಿ ತೆರೆದಾಗ ಪ್ರೌಢಶಾಲಾ ಮಕ್ಕಳು ತರಗತಿಯೊಳಗೂ ಮುಖ ಮುಚ್ಚಿಕೊಳ್ಳಬೇಕೆಂದು ಸರ್ಕಾರ ಶಿಫಾರಸು ಮಾಡಿತು. ಅದರ ಜೊತೆಗೇ, ಮುಖಗವಸು ಧರಿಸಿಲ್ಲವೆಂಬ ಕಾರಣಕ್ಕೆ ಯಾವ ವಿದ್ಯಾರ್ಥಿಗೂ ಶಿಕ್ಷಣ ನಿರಾಕರಿಸಬಾರದೆಂದೂ ಹೇಳಿತು. ವಿನಾಯಿತಿ ಇರುವವರು ಲಿಖಿತ ಪುರಾವೆ ತೋರಿಸುತ್ತ ತಿರುಗಬೇಕಿಲ್ಲ ಎಂಬುದು ಅಲ್ಲಿಯ ಸಾಮಾನ್ಯ ಮಾರ್ಗಸೂಚಿಯಾಗಿತ್ತು. ಬೇಕೆನಿಸಿದವರು ಸರ್ಕಾರದ ಜಾಲತಾಣದಿಂದ ವಿನಾಯಿತಿ ಕಾರ್ಡನ್ನು ತಾವೇ ಇಳಿಸಿಕೊಳ್ಳಬಹುದಿತ್ತು. ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದಾದ ಕಾರ್ಡು ಪುರಾವೆಯಾಗಲು ಹೇಗೆ ಸಾಧ್ಯ? ಧರಿಸುವವರ ಸಮಾಧಾನಕ್ಕಷ್ಟೇ ಅದರ ಉಪಯೋಗ. ಹೊರನೋಟಕ್ಕೆ ಕಾಣದ ಅಂಗವೈಕಲ್ಯವನ್ನು ಸೂಚಿಸುವ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿಯೂ ಅಂಥದ್ದೇ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ ಆ ಪಟ್ಟಿ ಈಗ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದೆ. ಅದರ ಬೆಲೆಯೆಲ್ಲ ಇರುವುದು ಧರಿಸುವವರು ತಾವಾಗಿ ಆರಿಸಿಕೊಂಡಿದ್ದಾರೆ ಎಂಬುದರಲ್ಲಿ. ಕಡ್ಡಾಯ ಮಾಡಿದ ಕ್ಷಣ ಅದು ಬೇರೆಯೇ ವಸ್ತುವಾಗುತ್ತದೆ.

ನಮ್ಮ ಕಾನೂನಿನ ದಾರಿಯೂ ಇದೇ ದಿಕ್ಕಿನದು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶಾಲೆಗಳಿಂದ ಅಪೇಕ್ಷಿಸುವುದು ಸಮಂಜಸ ಹೊಂದಾಣಿಕೆಯನ್ನು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದ್ದು. ಈ ಊರಿನ ಶಾಲೆಗಳಾದರೂ ಅದನ್ನು ನೆನಪಿಡಬೇಕೆಂಬುದು ನನ್ನ ಆಸೆ. ಮಗುವಿನ ಆರೋಗ್ಯದ ವಿವರ ಆ ಮಗುವಿನದು. ಅದನ್ನು ಎದೆಯ ಮೇಲೆ ಹಾಕಿಸಿಕೊಳ್ಳುವಂತೆ ಹೇಳುವ ಅಧಿಕಾರ ಶಾಲೆಗೆ ಇರಬಾರದು.

ಪತ್ರದಲ್ಲಿ ಏನಿರಬೇಕು, ಏನಿರಬಾರದು

ಎರಡು ವಾರದೊಳಗಿನ ತಾತ್ಕಾಲಿಕ ತೊಂದರೆಗೆ, ಉದಾಹರಣೆಗೆ ಮುಖದ ಗಾಯಕ್ಕೋ ಚರ್ಮದ ಉರಿಗೋ, ಪೋಷಕರ ಸಹಿಯಿರುವ ಪತ್ರವೊಂದೇ ಸಾಕು ಎಂದು ಶಾಲೆ ತೀರ್ಮಾನಿಸಲಿ. ಅದಕ್ಕಿಂತ ಹೆಚ್ಚಿನ ಅವಧಿಗೆ ವೈದ್ಯರ, ಮನೋವೈದ್ಯರ, ವಾಕ್ ಮತ್ತು ಶ್ರವಣ ತಜ್ಞರ ಅಥವಾ ಮಗುವನ್ನು ನೋಡುತ್ತಿರುವ ಚಿಕಿತ್ಸಕರ ಪತ್ರ ಕೇಳಬಹುದು. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ) ಇದ್ದರೆ ಮಾತ್ರ ವಿನಾಯಿತಿ ಎಂಬ ಷರತ್ತು ಮಾತ್ರ ಖಂಡಿತ ಬೇಡ. ಮಾಸ್ಕ್ ಆಗದಿರುವ ಎಷ್ಟೋ ಕಾರಣಗಳು ಅಂಗವೈಕಲ್ಯದ ಪಟ್ಟಿಯಲ್ಲಿ ಇರುವುದೇ ಇಲ್ಲ, ಇರುವವುಗಳಿಗೂ ತಪಾಸಣೆ ಮುಗಿದು ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಪೀಣ್ಯದ ಕಾರ್ಖಾನೆಯಲ್ಲೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲೋ ದುಡಿಯುವ ತಾಯಿಗೆ ನಿಮ್ಹಾನ್ಸ್‌ನ ಅಥವಾ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವುದೆಂದರೆ ಒಂದು ದಿನದ ಸಂಬಳ ಹೋಗುವುದೆಂದೇ ಅರ್ಥ. ಪತ್ರ ತರುವವರೆಗಿನ ದಿನಗಳಲ್ಲಿ ಪೋಷಕರ ಮಾತನ್ನು ನಂಬಿ ಮಗುವನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದನ್ನೂ ನಿಯಮದಲ್ಲೇ ಬರೆಯಿರಿ. ಹಳೆಯ ಪ್ರಿಸ್ಕ್ರಿಪ್ಷನ್ ಅಥವಾ ಡಿಸ್ಚಾರ್ಜ್ ಸಾರಾಂಶವನ್ನು ಯಾರಾದರೂ ತಂದರೆ ನೋಡಿ ಅಲ್ಲೇ ಹಿಂತಿರುಗಿಸಿ. ನಕಲು ಇಟ್ಟುಕೊಳ್ಳುವ ಅಗತ್ಯವಿಲ್ಲ.

ಶಾಲೆಗೆ ತಿಳಿಯಬೇಕಾದದ್ದು ರೋಗದ ಹೆಸರಲ್ಲ. ಮಾಸ್ಕ್ ಪೂರ್ತಿ ಆಗದೋ, ಸ್ವಲ್ಪ ಹೊತ್ತು ಆಗುವುದೋ, ಎಲ್ಲಿಯವರೆಗೆ, ಬದಲಿಗೆ ಏನು ಮಾಡಬಹುದು, ಇಷ್ಟು ಗೊತ್ತಾದರೆ ಸಾಕು. ಪೋಷಕರಿಗೆ ಕೊಡಬಹುದಾದ ನಮೂನೆ ಹೀಗಿರಲಿ: ‘ನನ್ನ ಮಗಳು/ಮಗ ……, ತರಗತಿ ……, ಆರೋಗ್ಯದ ಕಾರಣದಿಂದ ಮಾಸ್ಕ್ ಧರಿಸಲು ಆಗುವುದಿಲ್ಲ / …… ನಿಮಿಷಕ್ಕಿಂತ ಹೆಚ್ಚು ಹೊತ್ತು ಧರಿಸಲು ಆಗುವುದಿಲ್ಲ. ಈ ವಿನಾಯಿತಿ …… ದಿನಾಂಕದವರೆಗೆ ಬೇಕಾಗುತ್ತದೆ. ಮಗುವಿಗೆ ಅನುಕೂಲವಾಗುವ ಬದಲಿ ಏರ್ಪಾಡು: ……. ಈ ಮಾಹಿತಿಯನ್ನು ಮುಖ್ಯೋಪಾಧ್ಯಾಯರು, ತರಗತಿ ಶಿಕ್ಷಕರು ಮತ್ತು ನಾನು ಸೂಚಿಸಿದವರ ಹೊರತು ಬೇರೆ ಯಾರಿಗೂ ತಿಳಿಸಬಾರದೆಂದು ಕೋರುತ್ತೇನೆ.’ ಕಾರಣ ಬರೆಯಲು ಖಾಲಿ ಗೆರೆ ಬಿಡಬೇಡಿ. ಗೆರೆ ಇದ್ದರೆ ತುಂಬಲೇಬೇಕೇನೋ ಎಂದು ಪೋಷಕರು ಎಲ್ಲವನ್ನೂ ಬರೆದುಬಿಡುತ್ತಾರೆ.

ಕಚೇರಿಯಲ್ಲಿ ಒಂದು ರೂಲು ಹಾಕಿದ ಪುಸ್ತಕ ಸಾಕು. ಹೆಸರು, ತರಗತಿ, ಪೂರ್ತಿ ವಿನಾಯಿತಿಯೋ ಭಾಗಶಃವೋ, ಯಾವ ದಿನಾಂಕದವರೆಗೆ, ಯಾರ್ಯಾರಿಗೆ ತಿಳಿಸಲಾಗಿದೆ ಎಂಬ ಐದು ಕಾಲಂ ಎಳೆದು, ಪುಸ್ತಕವನ್ನು ಬೀಗವಿರುವ ಬೀರುವಿನಲ್ಲಿಡಿ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಪಕ್ಕ ಕೆಂಪು ಶಾಯಿಯ ಚುಕ್ಕೆ ಇಡುವ ಅಭ್ಯಾಸ ಬೇಡ, ಏಕೆಂದರೆ ಹಾಜರಿ ಪುಸ್ತಕವನ್ನು ಸ್ಟಾಫ್ ರೂಮಿನಿಂದ ತರಗತಿಗೆ ತರುವುದು ಬಹಳ ಶಾಲೆಗಳಲ್ಲಿ ಕ್ಲಾಸ್ ಲೀಡರ್. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ವಿಷಯ ಒಂದಕ್ಷರವೂ ಬರಬಾರದು. ಪತ್ರವನ್ನು ಫೋಟೊ ತೆಗೆದು ಶಿಕ್ಷಕರ ಗುಂಪಿಗೆ ಹಾಕುವುದು ಇನ್ನೂ ಕೆಟ್ಟದ್ದು. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುವ 2023ರ ಕಾಯ್ದೆಯ ಮಾತು ಹಾಗಿರಲಿ, ಸಾಮಾನ್ಯ ವಿವೇಕವೂ ಇದನ್ನು ಒಪ್ಪುವುದಿಲ್ಲ.

ಗೇಟು

ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ಕೆಡುವುದು ಬೆಳಗ್ಗೆ ಎಂಟೂವರೆಯ ಗೇಟಿನಲ್ಲಿ. ಒಂದರ ಹಿಂದೊಂದು ವ್ಯಾನ್, ಸ್ಕೂಟರಿನಿಂದ ಇಳಿಯುವ ಮಕ್ಕಳು, ಹಿಂದಿನಿಂದ ಹಾರ್ನ್, ಗೇಟಿನಲ್ಲಿ ಒಬ್ಬರು ಸೆಕ್ಯೂರಿಟಿ, ಅವರ ಪಕ್ಕ ಸ್ಯಾನಿಟೈಸರ್ ಹಿಡಿದ ಆಯಾ. ಮಾಸ್ಕ್ ಇಲ್ಲದ ಮಗು ಬಂದರೆ ಅವರಿಗೆ ತೋಚುವುದು ಪಕ್ಕಕ್ಕೆ ನಿಲ್ಲಿಸುವುದು. ಇಡೀ ಶಾಲೆ ಆ ಮಗುವನ್ನು ದಾಟಿ ಒಳಗೆ ಹೋಗುತ್ತದೆ. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಯಾರೋ ಬಂದು ಕರೆದೊಯ್ಯುತ್ತಾರೆ. ಬೀದಿಯಲ್ಲಿ ಪಾಲಿಕೆಯ ಮಾರ್ಷಲ್‌ಗಳು 250 ರೂಪಾಯಿ ದಂಡ ಹಾಕುತ್ತಿದ್ದ ಕಾಲದ ರೂಢಿ ಶಾಲೆಯ ಗೇಟಿಗೂ ಇಳಿದುಬಂದಿತ್ತು. ಮಾಸ್ಕ್ ಇಲ್ಲದವರನ್ನು ತಡೆದು ನಿಲ್ಲಿಸುವುದೇ ಕೆಲಸ ಎಂಬ ಭಾವನೆ ಹೋಗಬೇಕಾದರೆ ಗೇಟಿನವರಿಗೆ ಬೇರೆ ಕೆಲಸ ಹೇಳಿಕೊಡಬೇಕು.

ವಿನಾಯಿತಿ ಇರುವವರ ಪಟ್ಟಿಯನ್ನು ಗೇಟಿನ ಕೋಣೆಯ ಗೋಡೆಗೆ ಅಂಟಿಸಬೇಡಿ. ಅಲ್ಲಿಗೆ ಹಾಲಿನವರಿಂದ ಹಿಡಿದು ಕೊರಿಯರ್‌ನವರವರೆಗೆ ಎಲ್ಲರೂ ಬರುತ್ತಾರೆ. ಬದಲಾಗಿ ಗೇಟಿನವರಿಗೆ ಒಂದೇ ಸೂಚನೆ ಇರಲಿ: ಮಾಸ್ಕ್ ಇಲ್ಲದ ಮಗುವಿಗೆ ‘ಮಾಸ್ಕ್ ಬೇಕೇನಪ್ಪ?’ ಅಥವಾ ‘ಮಾಸ್ಕ್ ಬೇಕೇನಮ್ಮ?’ ಎಂದು ಒಮ್ಮೆ ಕೇಳಿ, ಬೇಕೆಂದರೆ ಡಬ್ಬಿಯಿಂದ ಒಂದು ಕೊಡಬೇಕು, ಬೇಡವೆಂದರೆ ಒಳಗೆ ಬಿಡಬೇಕು. ‘ಯಾಕೆ ಹಾಕಿಲ್ಲ?’ ಎಂಬ ಪ್ರಶ್ನೆ ಗೇಟಿನಲ್ಲಿ ಬರಬಾರದು. ಮಾಸ್ಕ್ ಇಲ್ಲದೆ ಬಂದವರಲ್ಲಿ ಯಾರಿಗೆ ವಿನಾಯಿತಿ ಇದೆ, ಯಾರು ಮರೆತು ಬಂದಿದ್ದಾರೆ ಎಂಬುದನ್ನು ಮೊದಲ ಪೀರಿಯಡ್‌ನಲ್ಲಿ ತರಗತಿ ಶಿಕ್ಷಕರು ನೋಡಿಕೊಳ್ಳುತ್ತಾರೆ. ಇದರಿಂದ ಐದಾರು ಮಕ್ಕಳು ಹತ್ತು ನಿಮಿಷ ಮಾಸ್ಕ್ ಇಲ್ಲದೆ ಅಂಗಳದಲ್ಲಿ ಇದ್ದಾರು. ತೆರೆದ ಅಂಗಳದಲ್ಲಿ ಅದರ ಅಪಾಯ ತೀರಾ ಕಡಿಮೆ.

ಶಾಲೆಯ ಹೊರಗಿನ ಪರಿಸ್ಥಿತಿ ಬೇರೆ. ವ್ಯಾನ್ ಚಾಲಕರು, ಬಸ್ ಕಂಡಕ್ಟರ್, ಮೆಟ್ರೋ ಸಿಬ್ಬಂದಿ ಇವರಿಗೆ ಶಾಲೆಯ ಪುಸ್ತಕದಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಎರಡು ಸಾಲಿನ ಚೀಟಿಯೊಂದನ್ನು ಪೋಷಕರು ಬಯಸಿದರೆ ಕೊಡಿ. ಅದು ಬ್ಯಾಗಿನ ಒಳಗಿನ ಜಿಪ್ಪಿನಲ್ಲಿರುತ್ತದೆ, ಯಾರಾದರೂ ತಡೆದರೆ ಮಾತ್ರ ಹೊರಬರುತ್ತದೆ.

ತರಗತಿಯೊಳಗೆ

ವಿನಾಯಿತಿ ಕೊಟ್ಟ ಮೇಲೆ ಆ ಮಗುವನ್ನು ಕೊನೆಯ ಬೆಂಚಿಗೆ ಒಂಟಿಯಾಗಿ ಕಳಿಸಿದರೆ ಬ್ಯಾಡ್ಜ್ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಗೆಳೆಯರ ಜೊತೆಗೇ, ಕಿಟಕಿಯ ಪಕ್ಕದ ಸಾಲಿನಲ್ಲಿ ಕೂರಿಸಿ. ಕಿಟಕಿ ಎರಡೂ ಬದಿ ತೆರೆದಿರಲಿ. ಬೆಂಗಳೂರಿನ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಎಲ್ಲವನ್ನೂ ಮುಚ್ಚಿಬಿಡುವುದು ರೂಢಿ, ಆದರೆ ಸೋಂಕು ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯಲ್ಲೇ. ಮಕ್ಕಳು ಸ್ವೆಟರ್ ಹಾಕಿಕೊಳ್ಳಲಿ, ಕಿಟಕಿ ತೆರೆದಿರಲಿ. ಜ್ವರ, ಕೆಮ್ಮು ಇರುವ ಯಾವ ಮಗುವನ್ನೂ ಶಾಲೆಗೆ ಕಳಿಸಬಾರದೆಂಬ ನಿಯಮವನ್ನು, 2025ರ ಮೇ ಕೊನೆಯಲ್ಲಿ ರಾಜ್ಯ ಸರ್ಕಾರ ಹೇಳಿದಂತೆ, ಎಲ್ಲರಿಗೂ ಸಮಾನವಾಗಿ ಪಾಲಿಸಿದರೆ ವಿನಾಯಿತಿಯ ಒಬ್ಬಿಬ್ಬರು ಮಕ್ಕಳಿಂದ ಬರುವ ಆತಂಕ ಬಹಳಷ್ಟು ಇಳಿಯುತ್ತದೆ.

ಮಕ್ಕಳು ಕೇಳೇ ಕೇಳುತ್ತಾರೆ: ‘ಮಿಸ್, ಅವನಿಗೆ ಮಾತ್ರ ಯಾಕೆ ಬೇಡ?’ ಶಿಕ್ಷಕರ ಉತ್ತರ ಮೊದಲೇ ಸಿದ್ಧವಿರಲಿ, ಎಲ್ಲ ಶಿಕ್ಷಕರದೂ ಒಂದೇ ಆಗಿರಲಿ. ‘ಕೆಲವರಿಗೆ ಕನ್ನಡಕ ಬೇಕು, ಕೆಲವರಿಗೆ ಬೇಡ, ಹಾಗೇ ಕೆಲವರಿಗೆ ಮಾಸ್ಕ್ ಆಗುವುದಿಲ್ಲ. ನನಗೆ ಗೊತ್ತು, ಅಷ್ಟು ಸಾಕು’ ಎಂದರೆ ಮೂರನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಪಿ.ಟಿ. ಮಾಸ್ತರು, ಚಿತ್ರಕಲೆಯವರು, ಬದಲಿ ಶಿಕ್ಷಕರು ಇವರನ್ನು ಮರೆಯಬಾರದು. ವಾರಕ್ಕೊಮ್ಮೆ ಬರುವವರಿಂದಲೇ ಗದರಿಕೆ ಹೆಚ್ಚು.

ಆಕ್ಷೇಪಗಳು

ಪುರಾವೆ ಕಾಣದಿದ್ದರೆ ಎಲ್ಲರೂ ವಿನಾಯಿತಿ ಕೇಳುತ್ತಾರೆ ಎಂಬ ಭಯವಿದೆ. ಪುರಾವೆ ಕಚೇರಿಯಲ್ಲಿ ಇದೆಯಲ್ಲ! ಸುಳ್ಳು ವಿನಾಯಿತಿಯನ್ನು ತಡೆಯುವುದು ಆ ಪತ್ರ, ಬ್ಯಾಡ್ಜ್ ಅಲ್ಲ. ಬ್ಯಾಡ್ಜನ್ನು ಮಕ್ಕಳು ಬಸ್ಸಿನಲ್ಲೇ ಅದಲುಬದಲು ಮಾಡಿಕೊಳ್ಳಬಲ್ಲರು.

ಇನ್ನೊಂದು ಆಕ್ಷೇಪ ಗಂಭೀರವಾದದ್ದು, ಅದನ್ನು ತಳ್ಳಿಹಾಕಬಾರದು. ಅದೇ ತರಗತಿಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಗುವಿದ್ದರೆ ಆ ಪೋಷಕರ ಹೆದರಿಕೆ ನಿಜವಾದದ್ದು. ಅವರೊಡನೆ ಮುಖ್ಯೋಪಾಧ್ಯಾಯರು ಪ್ರತ್ಯೇಕವಾಗಿ ಕೂತು ಮಾತಾಡಬೇಕು. ಇಬ್ಬರು ಮಕ್ಕಳ ಜಾಗ ದೂರ ಇಡುವುದು, ಸಾಧ್ಯವಿದ್ದರೆ ಸೆಕ್ಷನ್ ಬದಲಿಸುವುದು, ಆ ಮಗುವಿಗೆ ಸರಿಯಾಗಿ ಕೂರುವ ಎನ್95 ಇದೆಯೇ ಎಂದು ವಿಚಾರಿಸುವುದು, ಇವೆಲ್ಲ ನೆರವಾಗುತ್ತವೆ. ಇನ್ನೊಂದು ಮಗುವಿನ ಕೊರಳಿನ ಟ್ಯಾಗ್‌ನಿಂದ ಈ ಮಗುವಿಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ಬ್ಯಾಡ್ಜ್ ಪರವಾಗಿ ನಾನು ಒಪ್ಪುವ ವಾದ ಒಂದೇ: ಪದೇಪದೇ ಪ್ರಶ್ನೆ ಎದುರಿಸುವುದಕ್ಕಿಂತ ಗುರುತು ಇರುವುದೇ ವಾಸಿ ಎಂದು ಕೆಲವು ಮಕ್ಕಳಿಗೇ ಅನಿಸುತ್ತದೆ. ಅಂಥ ಮಗು ತಾನೇ ಕೇಳಿದರೆ ಕೊಡಿ. ಪೋಷಕರು ಕೇಳಿ ಮಗು ಬೇಡವೆಂದರೆ ಕೊಡಬೇಡಿ. ಪ್ರೌಢಶಾಲೆಯ ವಯಸ್ಸಿನವರ ವಿಷಯದಲ್ಲಂತೂ ಮಗುವಿನ ಮಾತೇ ಕೊನೆಯದಾಗಲಿ. ಬೇಡವೆನಿಸಿದ ದಿನ ತೆಗೆದಿಡುವ ಸ್ವಾತಂತ್ರ್ಯವೂ ಇರಲಿ.

ಶಾಲೆ ಒಪ್ಪದಿದ್ದರೆ

ಬ್ಯಾಡ್ಜ್ ಕಡ್ಡಾಯ ಎಂದು ಶಾಲೆ ಹಟ ಹಿಡಿದರೆ ಪೋಷಕರು ಮೊದಲು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಬರೆದು, ಸ್ವೀಕೃತಿಯ ಸಹಿ ಪಡೆಯಬೇಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅನಂತರ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಅಂಗವೈಕಲ್ಯದ ಪ್ರಶ್ನೆಯಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿ. ದೂರಿನಲ್ಲಿ ಮಗುವಿನ ರೋಗದ ವಿವರಕ್ಕಿಂತ ನಡೆದದ್ದನ್ನು ದಿನಾಂಕ ಸಹಿತ ಬರೆಯುವುದು ಹೆಚ್ಚು ಫಲಕಾರಿ: ಯಾವ ದಿನ, ಎಲ್ಲಿ, ಯಾರೆದುರು ಮಗುವನ್ನು ನಿಲ್ಲಿಸಲಾಯಿತು, ಏನು ಹೇಳಲಾಯಿತು.

ಮಾಸ್ಕ್ ನಿಯಮ ಹಿಂತೆಗೆದ ದಿನ ಬೀರುವಿನಲ್ಲಿರುವ ಪತ್ರಗಳ ಕೆಲಸವೂ ಮುಗಿಯುತ್ತದೆ. ಹದಿನೈದು ದಿನದೊಳಗೆ ಅವನ್ನು ಪೋಷಕರ ಕೈಗೇ ಹಿಂತಿರುಗಿಸಿ, ಅಥವಾ ಅವರ ಒಪ್ಪಿಗೆ ಪಡೆದು ಹರಿದುಹಾಕಿ, ಹಾಗೆ ಮಾಡಿದ್ದನ್ನು ಪುಸ್ತಕದಲ್ಲಿ ದಿನಾಂಕ ಹಾಕಿ ನಮೂದಿಸಿ. ವರ್ಗಾವಣೆ ಪತ್ರದಲ್ಲಾಗಲಿ ಮುಂದಿನ ತರಗತಿಗೆ ಹೋಗುವ ಕಡತದಲ್ಲಾಗಲಿ ಈ ವಿಷಯ ಸೇರಬಾರದು.